ಇಂಗುವ ಹೊತ್ತು

ನನ್ನ ಕಸುಬು ಇಷ್ಟೆ:
ನೆಲದಲ್ಲಿ ಒಂದು ಚೌಕ ತೋಡುವುದು, ನೀರು ಸುರಿಯುವುದು,
ಇಳಿಯುತ್ತದೋ ಇಲ್ಲವೋ ಎಂದು
ಮಡಿಸುವ ಕುರ್ಚಿಯಲ್ಲಿ ಕೂತು ಕಾಯುವುದು.
ಮನೆ ಕಟ್ಟಿ ನೋಡು ಅಂತಾರೆ.
ಐರ್ಲೆಂಡಿನ ಈ ಲೀಟ್ರಿಮ್ ಸೀಮೆಯಲ್ಲಿ
ಅದಕ್ಕೂ ಮೊದಲು ಗುಂಡಿ ತೋಡಿ ನೋಡಬೇಕು.

ಅಟ್ರಾಕ್ಟಾಳ ನಕ್ಷೆಯಲ್ಲಿ ಎಲ್ಲವೂ ಇತ್ತು:
ದಕ್ಷಿಣಕ್ಕೆ ದೊಡ್ಡ ಕಿಟಕಿ, ಕೆರೆಗೆ ಮುಖಮಾಡಿದ ಅಡುಗೆಮನೆ,
ಎರಡು ಬಚ್ಚಲು.
"ಎರಡು," ಅಂದಳು, ಬೆರಳೆತ್ತಿ,
ಹನ್ನೊಂದು ಜನಕ್ಕೆ ಒಂದೇ ಇದ್ದ ಮನೆಯಲ್ಲಿ ಬೆಳೆದವಳು.
ಆ ಎರಡರ ನೀರು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ
ಹಾಳೆಯ ಅಂಚಿನಲ್ಲಿ ಒಂದು ಚುಕ್ಕೆಗೆರೆ.
ಆ ಚುಕ್ಕೆಗೆರೆಗಾಗಿ ನನ್ನನ್ನು ಕರೆಸಿದ್ದಳು.

ಮೊದಲ ಗುಂಡಿ, ಜೊಂಡಿನ ನಡುವೆ.
ಮೇಲೊಂದು ಗೇಣು ಕಪ್ಪು ಮಣ್ಣು, ಹುಲ್ಲುಬೇರಿನ ಜಮಖಾನ.
ಅದರಡಿ ಜೇಡಿ, ಸೀಸದ ಬಣ್ಣ,
ನಡುನಡುವೆ ಕಿತ್ತಳೆ ಕಲೆ,
ತುಕ್ಕು ಹಿಡಿದ ಮೊಳೆ ಕಿತ್ತ ಹಾಗೆ.
ಕಿತ್ತಳೆ ಎಂದರೆ ನೀರು ಬಂದು ಹೋಗುವ ಜಾಗ.
ಬೂದುನೀಲಿ ಎಂದರೆ
ಬಂದದ್ದು ಹೋಗಲೇ ಇಲ್ಲ.
ಅಂಗೈಯಲ್ಲಿ ಹೊಸೆದೆ. ಶೂ ದಾರದಷ್ಟು ತೆಳ್ಳಗಾದರೂ
ತುಂಡಾಗಲಿಲ್ಲ. ಉಂಗುರ ಮಾಡಿ
ಅವಳ ಬೆರಳಿಗೆ ತೊಡಿಸಬಹುದಿತ್ತು.
ತೊಡಿಸಲಿಲ್ಲ.

ಸಂಜೆ ತುಂಬಿಸಿಟ್ಟ ನೀರು ಬೆಳಿಗ್ಗೆ ಹಾಗೇ ಇತ್ತು,
ಕೂದಲೆಳೆಯಷ್ಟೂ ಇಳಿಯದೆ,
ಮೇಲೊಂದು ಕರಿ ಜೀರುಂಡೆ ಈಜುತ್ತಾ.

ಎರಡನೆಯದೂ ಹಾಗೇ. ಮೂರನೆಯದರಲ್ಲಿ
ನಾನು ಸುರಿದದ್ದಕ್ಕಿಂತ ಎರಡು ಬೆರಳು ಹೆಚ್ಚೇ ಇತ್ತು.

ಪಕ್ಕದ ಕಾನ್‌ಲೆತ್ ಬೇಲಿಗೆ ಮೊಣಕೈ ಊರಿ
"ನಮ್ಮಪ್ಪನ ಕಾಲದಲ್ಲಿ ಯಾರೂ ನೆಲವನ್ನು ಕೇಳುತ್ತಿರಲಿಲ್ಲ" ಎಂದ.
ನಿಜ. ಅವನ ಮನೆಯ ಪಡುಗೋಡೆಯಲ್ಲಿ ಒಂದು ಬಿರುಕಿದೆ,
ಒಣ ಜೂನಿನಲ್ಲಿ ನಾಣ್ಯ ತೂರಿಸಬಹುದು,
ನವೆಂಬರಿನಲ್ಲಿ ಅದು ನಾಣ್ಯವನ್ನು ಕಚ್ಚಿಕೊಳ್ಳುತ್ತದೆ.
ಅವನ ಹೊಲದ ತಗ್ಗಿನಲ್ಲೊಂದು ಕಡೆ
ಹುಲ್ಲು ಊರಿಗೆಲ್ಲ ಹಸಿರು.
ಅದರ ಮಾತು ನಾವು ಎತ್ತುವುದಿಲ್ಲ.

ನಾಲ್ಕನೆಯದು, ಮುರುಕು ಕೊಟ್ಟಿಗೆಯ ಹಿಂದೆ,
ತಾಯಿ ಬಿಡೀಲಿಯಾಳ ಈರುಳ್ಳಿ ಮಡಿಯ ಅಂಚಿಗೆ.
ಗುದ್ದಲಿಯ ಸದ್ದು ಬದಲಾಯಿತು.
ಪಚಕ್ ಅನ್ನುತ್ತಿದ್ದದ್ದು
ಕರ್ ಅಂದಿತು.
ಜಲ್ಲಿ! ಹಿಮನದಿ ಹಿಂದಿರುಗುವಾಗ
ಜೇಬು ತೂತಾಗಿ ಉದುರಿಸಿಹೋದ ಚಿಲ್ಲರೆ.
ಒಂದು ರಾತ್ರಿ ನೆನೆಸಿ, ಮತ್ತೆ ಸುರಿದೆ, ಸ್ಟಾಪ್‌ವಾಚ್ ಒತ್ತಿದೆ.
ಇಳಿಯಿತು. ಗುಟುಕು ಗುಟುಕಾಗಿ,
ದುಡಿದು ಬಂದವನು ನಿಂತೇ ಕುಡಿಯುವ ಹಾಗೆ.

ಅಟ್ರಾಕ್ಟಾ ಚಪ್ಪಾಳೆ ತಟ್ಟಿದಳು.
ನಾನು ತಟ್ಟಲಿಲ್ಲ. ಹೆಜ್ಜೆ ಹಾಕಿ ಅಳೆಯುತ್ತಿದ್ದೆ:
ನಾಲ್ಕೆಕರೆಯಲ್ಲಿ ಬಾಯಿ ತೆರೆದ ನೆಲ ಇದೊಂದೇ,
ಟೆನಿಸ್ ಅಂಗಳದಷ್ಟು, ಅದೂ ಸೊಟ್ಟ.
ಗೋಡೆ ಬಿರಿಯದೆ ನಿಲ್ಲುವುದಾದರೆ ಇಲ್ಲೇ ನಿಲ್ಲಬೇಕು.
ಬಚ್ಚಲ ನೀರು ಸೋಸಿ ತಿಳಿಯಾಗುವುದಾದರೆ
ಇಲ್ಲೇ ಇಂಗಬೇಕು.
ಅದು ಇಂಗಿದ ಕಡೆ
ತಿನ್ನುವುದೇನನ್ನೂ ಬೆಳೆಯುವಂತಿಲ್ಲ.

ಬಿಡೀಲಿಯಾ ಬಾಗಿಲಿಗೆ ಬಂದಳು, ಕೈಯಲ್ಲಿ ಸುಲಿದ ಆಲೂಗಡ್ಡೆ.
"ಮದುವೆಯಾಗಿ ಬಂದ ವರ್ಷ
ಎಲ್ಲೆಲ್ಲಿ ಚೆಲ್ಲಿದರೂ ಒಗೆದ ನೀರು ನಿಂತೇ ಇರುತ್ತಿತ್ತು.
ಮಾಯವಾಗುತ್ತಿದ್ದದ್ದು ಅಲ್ಲೊಂದೇ ಕಡೆ.
ಅದಕ್ಕೇ ಅಲ್ಲಿ ಈರುಳ್ಳಿ ಹಾಕಿದೆ.
ಕೇಳಿದ್ದರೆ ಹೇಳುತ್ತಿದ್ದೆ."
ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ,
"ಗುಂಡಿಗೆಷ್ಟು ತಗೋತೀಯಪ್ಪ?"

ಫಾರಮ್ಮಿನಲ್ಲಿ ನಿಮಿಷಕ್ಕೆ ಒಂದು ಖಾನೆ ಇದೆ,
ಜೇಡಿಗೆ, ಜಲ್ಲಿಗೆ, ಬಾವಿಯ ದೂರಕ್ಕೆ.
ಈರುಳ್ಳಿಗೆ ಇಲ್ಲ.
ನಿಮಿಷ ಬರೆದೆ, ಸಹಿ ಮಾಡಿದೆ.

ಬಕೆಟ್ಟಿನಲ್ಲಿ ಇನ್ನೂ ಅರ್ಧ ಉಳಿದಿತ್ತು.
ಇದನ್ನೆಲ್ಲಿ ಚೆಲ್ಲಲಿ, ಅಂದೆ.
ತಾಯಿ, ಮಗಳು ಇಬ್ಬರೂ ಒಂದೇ ಸಲ
ಕೈ ತೋರಿಸಿದರು,
ಬೇರೆ ಬೇರೆ ಕಡೆಗೆ.